ಬಲೆಗೆ ಸಿಗದ ಪಂಖ

ಮನೆತನದ ದೋಣಿ ಎಂಜಿನ್ ಕಾರ್ಖಾನೆಗೆ ಅರವತ್ತು ತುಂಬಿದ ಸ್ಮರಣ ಸಂಚಿಕೆಯ ಹಸ್ತಪ್ರತಿಯಲ್ಲಿ ಸಿದ್ದಲಿಂಗೇಶ ಹೊಡೆದುಹಾಕಿದ್ದು ಒಂದೇ ಒಂದು ಸಾಲು. ಕೆಂಪು ಪೆನ್ನು, ಅಳತೆಪಟ್ಟಿ ಇಟ್ಟು ಎಳೆದ ನೇರ ಗೆರೆ. ‘ದೋಣಿಯ ಹಿಂದೆ ತಿರುಗುವ, ಬಲೆಗೆ ಸಿಗದ ಪಂಖವನ್ನು ರೂಪಿಸಿದವರು ದಿವಂಗತ ಗವಿಸಿದ್ದೇಶ’ ಎಂದು ಪಂಪಾವತಿ ಬರೆದಿದ್ದಳು. ಗಂಡನ ಹೆಸರಿನ ಮೇಲೆ ಭಾವ ತನ್ನ ಹೆಸರು ಬರೆದ.

“ಹಿಂಗ ಇರ್ಲಿ ಪಂಪವ್ವ,” ಅಂದ, ಪೆನ್ನಿನ ಟೊಪ್ಪಿಗೆ ಹಾಕುತ್ತ. “ಸತ್ತಾವ ಮಾಡಿದ್ದು ಅಂದ್ರ ತಗೊಳ್ಳೋರಿಗೆ ಧೈರ್ಯ ಬರೂದಿಲ್ಲ. ಅದನ್ನ ಹಚ್ಚಿಕೊಂಡು ಹೋಗೇ ಮುಳುಗಿದ ಅಂತಾರ.”

“ಅವ್ರು ಮುಳುಗಿದ್ದು ಹಳೇ ಪಂಖದ ದೋಣ್ಯಾಗರಿ, ಭಾವಾರ. ಬಲಿ ಸುತ್ತಿಕೊಂಡಿತ್ತು, ಬಿಡಿಸಾಕ ಬಗ್ಗಿದ್ರು.”

“ನನಗ ಗೊತ್ತೈತಿ. ಊರಿಗೆ ಗೊತ್ತಾಗಬೇಕಲ್ಲ?”

ಊರಿಗೆ ಗೊತ್ತಿದ್ದದ್ದು ಬೇರೆಯೇ. ಐದು ವರ್ಷದ ಹಿಂದೆ ಹಿನ್ನೀರಿನ ದಂಡೆಯಲ್ಲಿ ನಿಂತು ಸಿದ್ದಲಿಂಗೇಶ ಪೊಲೀಸರಿಗೆ ಹೇಳಿದ್ದ: ತಮ್ಮ ಕುಡಿದು ದೋಣಿ ಏರಿದ್ದ. ಹಾಗೆ ಹೇಳದಿದ್ದರೆ ಎಂಜಿನ್ನಿನ ಮೇಲೆ ಮಾತು ಬರುತ್ತಿತ್ತು, ಕಾರ್ಖಾನೆಯ ಬಾಗಿಲು ಮುಚ್ಚುತ್ತಿತ್ತು. ಗವಿಸಿದ್ದೇಶ ಚಹಾವನ್ನೂ ದಿನಕ್ಕೆ ಒಂದೇ ಸಲ ಕುಡಿಯುತ್ತಿದ್ದವನು. ಎರಡು ದಿನ ನೀರಿನಲ್ಲಿದ್ದು ಮನೆಗೆ ಬಂದವನ ಮೇಲೆ ಆ ಮಾತು ಕೆಸರಿನ ಹಾಗೆ ಅಂಟಿತು, ತೊಳೆದರೂ ಹೋಗಲಿಲ್ಲ. ಹೋದ ತಿಂಗಳು ಧಾರವಾಡದಲ್ಲಿ ಓದುವ ಮಗಳು ಶಿವಲೀಲಾ ಫೋನಿನಲ್ಲಿ ಕೇಳಿದಳು, “ಯವ್ವಾ, ಖರೇ ಹೇಳು, ಅಪ್ಪ ಕುಡೀತಿದ್ನೇನು?” ಪಂಪಾವತಿ ಇಲ್ಲವೆಂದಳು. ಮಗಳು ಪರೀಕ್ಷೆಯ ಮಾತು ತೆಗೆದಳು. ನಂಬಿದವಳ ಧ್ವನಿಯಲ್ಲ ಅದು.

ಈ ಸಂಚಿಕೆಯಲ್ಲಾದರೂ ಒಂದು ಸಾಲು ನಿಲ್ಲಬೇಕು, ಅದನ್ನು ಮಗಳ ಕೈಯಲ್ಲಿಡಬೇಕು ಎಂದು ಎರಡು ತಿಂಗಳು ಕೂತು ಬರೆದಿದ್ದಳು. ಆ ಕೆಂಪು ಗೆರೆ ನೋಡಿದ ಮೇಲೆ ಅವಳು ಅಳಲಿಲ್ಲ. ಹಾಳೆಗಳನ್ನು ಜೋಡಿಸಿ ಪಿನ್ನು ಚುಚ್ಚಿದಳು. ಮನಸ್ಸು ಆಗಲೇ ಬೇರೊಂದು ಪಿನ್ನಿನ ಹತ್ತಿರ ಹೋಗಿತ್ತು.

ಕಾರ್ಖಾನೆಯ ಚರಿತ್ರೆ ಅವಳಷ್ಟು ಬಲ್ಲವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಭಾಗ್ಯನಗರದ ನೇಕಾರರ ಓಣಿಯ ಪಕ್ಕ, ಸಮುದ್ರದಿಂದ ಒಂದು ಹಗಲಿನ ದಾರಿ ದೂರದಲ್ಲಿ, ‘ಕರಿಬಸಪ್ಪ ಅಂಡ್ ಸನ್ಸ್ ಮೆರೈನ್ ವರ್ಕ್ಸ್’ ಎಂಬ ಫಲಕ ನೋಡಿ ನಗದವರಿಲ್ಲ. “ಸಮುದ್ರ ಕಂಡಿಲ್ಲ, ಮೆರೈನ್ ಅಂತ” ಎನ್ನುತ್ತಿದ್ದರು. ಆದರೆ ಅಣೆಕಟ್ಟು ತುಂಬಿ ದಾರಿಗಳೆಲ್ಲ ನೀರಿನ ಕೆಳಗೆ ಹೋದಾಗ, ಈ ಊರಿನಿಂದ ಆ ಊರಿಗೆ ಹೆಣ್ಣು ಕೊಟ್ಟವರು ಹುಟ್ಟು ಹಾಕುತ್ತ ಅರ್ಧ ದಿನ ಕಳೆಯುವಾಗ, ಮಾವ ಕರಿಬಸಪ್ಪ ಹೊಲದ ಪಂಪಿನ ಡೀಸೆಲ್ ಎಂಜಿನ್ನನ್ನು ದೋಣಿಯ ಹಿಂದೆ ಕೂರಿಸಿದ್ದ. ‘ನೀರು ಎತ್ತುವ ಎಂಜಿನ್ನಿಗೆ ನೀರು ಒದೆಯುವುದನ್ನು ಕಲಿಸಿದರು’ ಎಂದು ಪಂಪಾವತಿ ಸಂಚಿಕೆಯಲ್ಲಿ ಬರೆದಿದ್ದಳು. ಮೊದಲ ಪಂಖ ಎರಕವಾದದ್ದು ಅತ್ತೆಯ ಒಡೆದ ಹಿತ್ತಾಳೆ ಕೊಡಗಳಿಂದ. ಆಮೇಲೆ ‘ತುಂಗಾ ಐದು’, ‘ತುಂಗಾ ಎಂಟು’, ಲಾರಿಯನ್ನೇ ದಾಟಿಸುವ ಜೋಡಿ ಎಂಜಿನ್ನಿನ ತೆಪ್ಪ. ಕೊನೆಗೆ ಗವಿಸಿದ್ದೇಶನ ಪಂಖ: ಎಲೆಗಳು ಹಿಂದಕ್ಕೆ ಬಾಗಿ, ಮೀನುಬಲೆ ತಾಗಿದರೆ ಸುತ್ತಿಕೊಳ್ಳದೆ ಜಾರಿಹೋಗುವ ಹಾಗೆ. ಅದರ ಸಾಗವಾನಿ ಅಚ್ಚನ್ನು ಗಂಡ ಹೆಂಡತಿ ಇಬ್ಬರೂ ಹಿತ್ತಲ ಕೋಣೆಯಲ್ಲಿ ಕೂತು ಉಜ್ಜಿದ್ದರು. ಅವನು ಉಳಿ ಹಿಡಿದರೆ ಅವಳು ಅಚ್ಚಿನ ಮೂಲೆಗಳಿಗೆ ಮೇಣ ತುಂಬುತ್ತಿದ್ದಳು. “ನಿನ್ನ ಬೆರಳಿಗೆ ಇರೋ ಕಣ್ಣು ನನ್ನ ಕಣ್ಣಿಗಿಲ್ಲ ಬಿಡು” ಅನ್ನುತ್ತಿದ್ದ.

ಈಗ ಆ ಪಂಖ ‘ತುಂಗಾ ಇಪ್ಪತ್ತು’ ಎಂಬ ಹೊಸ ಎಂಜಿನ್ನಿಗೆ ಕೂತಿತ್ತು. ನಾಗರ ಅಮಾವಾಸ್ಯೆಗೆ ಪೂಜೆ, ಮುಂದಿನ ಗುರುವಾರ ಹೊಳೆಯಲ್ಲಿ ಮೊದಲ ಓಟ. ಮೊದಲ ಓಟಕ್ಕೆ ಸಿದ್ದಲಿಂಗೇಶ ಒಬ್ಬನೇ ಹೋಗುವವನು. ಮತ್ತೊಬ್ಬರ ಭಾರ ಬಿದ್ದರೆ ವೇಗದ ಲೆಕ್ಕ ತಪ್ಪುತ್ತದೆ ಎನ್ನುವನು. ಡ್ಯಾಮಿನಿಂದ ನೀರು ಬಿಟ್ಟಾಗಲೇ ಹೋಗುವನು. ಏರು ನೀರಿಗೆ ಎದುರು ಹೋಗದಿದ್ದರೆ ಅದೆಂಥ ಎಂಜಿನ್ನು! ತೇಲುವ ಜಾಕೆಟ್ಟು ಹೊಟ್ಟೆಗೆ ಬಿಗಿಯಾಗುತ್ತದೆಂದು ಹಾಕಿಕೊಳ್ಳುವುದಿಲ್ಲ. ಮೂವತ್ತೈದು ವರ್ಷ ದೋಣಿಯ ಎಂಜಿನ್ನು ಮಾರಿದವನಿಗೆ ಈಜು ಬರುವುದಿಲ್ಲವೆಂಬುದು ಮನೆಯವರಿಗಷ್ಟೇ ಗೊತ್ತಿತ್ತು.

ಪಂಖಕ್ಕೂ ಅದನ್ನು ತಿರುಗಿಸುವ ದಂಡಕ್ಕೂ ನಡುವೆ ಅಡ್ಡಲಾಗಿ ಬೆರಳುದ್ದದ ಒಂದು ಹಿತ್ತಾಳೆ ಪಿನ್ನು ಇರುತ್ತದೆ. ಪಂಖ ಕಲ್ಲಿಗೆ ಬಡಿದರೆ ಮೊದಲು ಮುರಿಯುವುದು ಅದು. ಪಿನ್ನು ಹೋಗುತ್ತದೆ, ಎಂಜಿನ್ನು ಉಳಿಯುತ್ತದೆ. ಮುರಿಯುವುದೇ ಅದರ ಕೆಲಸ. ಕೆಲಸ ಮಾಡಿದ ಪಿನ್ನನ್ನು ಯಾವ ಪೊಲೀಸನೂ ಸಂಶಯದಿಂದ ನೋಡುವುದಿಲ್ಲ. ಪಂಪಾವತಿಗೆ ಈ ಕೊನೆಯ ಮಾತು ಹೊಳೆದಾಗ ಅವಳು ರೊಟ್ಟಿ ತಟ್ಟುತ್ತಿದ್ದಳು. ಕೈ ನಿಲ್ಲಲಿಲ್ಲ.

ಹಿತ್ತಲ ಕೋಣೆಯಲ್ಲಿ, ಮಧ್ಯಾಹ್ನ ಎಲ್ಲರೂ ಉಂಡು ಅಡ್ಡಾದ ಹೊತ್ತಿನಲ್ಲಿ, ಒಂದು ಅಸಲಿ ಪಿನ್ನನ್ನು ಇಕ್ಕಳಕ್ಕೆ ಕೊಟ್ಟು ಎರಡು ಕಡೆ ಸುತ್ತಲೂ ಅರ ಹಾಕಿದಳು. ಮೂರು ಪಿನ್ನು ಕೆಟ್ಟವು. ನಾಲ್ಕನೆಯದು ಹದಕ್ಕೆ ಬಂತು: ನಿಧಾನ ಓಟಕ್ಕೆ ತಾಳುವಷ್ಟು ಗಟ್ಟಿ, ಪೂರ್ತಿ ಜೋರಿಗೆ ತಾಳದಷ್ಟು ತೆಳು. ಅರ ಹಾಕಿದ ತೋಡಿಗೆ ಜೇನುಮೇಣದಲ್ಲಿ ಅರಿಶಿನ ಕಲಸಿ ತುಂಬಿದಳು, ಬಟ್ಟೆಯಿಂದ ತಿಕ್ಕಿದಳು. ಹೊಸ ಹಿತ್ತಾಳೆಯ ಬಣ್ಣವೇ ಬಂತು. ಮುರಿದಾಗ ತುದಿಗಳು ಹೊಳೆಗೆ ಹೋಗುತ್ತವೆ, ಮೇಣ ಮರಳುನೀರಿಗೆ ಉಜ್ಜಿಹೋಗುತ್ತದೆ, ದಂಡದಲ್ಲಿ ಉಳಿಯುವುದು ಹಿತ್ತಾಳೆಯ ಒಂದು ತುಂಡು. ಕೆಟ್ಟ ಮೂರು ಪಿನ್ನುಗಳನ್ನು ಎರಕದ ಮೂಸೆಗೆ ಹಾಕುವ ಚೂರುಪಾರಿನ ಬುಟ್ಟಿಗೆ ಸೇರಿಸಿದಳು. ಮರುದಿನವೇ ಅವು ಕರಗಿ ಇನ್ನೇನೋ ಆದವು.

“ಏನ, ಬೆರಳು ಹಳದಿ ಆಗ್ಯಾವ?” ಎಂದು ಕೇಳಿದಳು ಲಲಿತಾ. ಸಿದ್ದಲಿಂಗೇಶನ ಹೆಂಡತಿ, ಪಂಪಾವತಿಗೆ ನೆಗೆಣ್ಣಿ.

“ಪಲ್ಯಾಕ ಅರಿಶಿನ ಹಾಕೀನಲ್ಲಕ್ಕ.”

“ಹಾಕಿದಿಯೋ, ಅದ್ರಾಗ ಈಜಾಡಿದಿಯೋ!” ಎಂದು ನಕ್ಕಳು ಲಲಿತಾ. ನಗುವಾಗ ಅವಳ ಹಣೆಯ ಕುಂಕುಮ ಸ್ವಲ್ಪ ಉದುರಿ ಮೂಗಿನ ಮೇಲೆ ಬಿತ್ತು. ಪಂಪಾವತಿ ಬೇರೆ ಕಡೆ ನೋಡಿದಳು. ಈ ಲೆಕ್ಕದಲ್ಲಿ ಲಲಿತಕ್ಕನ ಹಣೆ ಬರಬಾರದು ಎಂದು ಮೊದಲೇ ನಿಶ್ಚಯಿಸಿದ್ದಳು.

ಅಮಾವಾಸ್ಯೆಯ ಬೆಳಿಗ್ಗೆ ಕಾರ್ಖಾನೆಗೆ ರಜೆ. ಯಂತ್ರಗಳಿಗೆ ಪೂಜೆ ಮಾಡುವವರು ಮುತ್ತೈದೆಯರು. ಅದಕ್ಕೆ ಮುಂಚೆ ಎಣ್ಣೆ, ಜಿಡ್ಡು ಒರೆಸಿ ತೊಳೆದಿಡುವವಳು ಪಂಪಾವತಿ. ಪೂಜೆಗೆ ಬೇಡವಾದ ಕೈ ತೊಳೆಯುವುದಕ್ಕೆ ಬೇಕಾಗುತ್ತಿತ್ತು. ಐದು ವರ್ಷ ಈ ಮಾತು ಅವಳ ಎದೆಯಲ್ಲಿ ಮುಳ್ಳಾಗಿತ್ತು. ಈಗ ಅದೇ ಮುಳ್ಳು ಬೀಗದ ಕೈಯಾಯಿತು. ಆ ಒಂದು ತಾಸು ಶೆಡ್ಡಿನಲ್ಲಿ ಅವಳೊಬ್ಬಳೇ. ಪಂಖದ ಮೂತಿಯ ನಟ್ಟು ಬಿಚ್ಚಿ, ಪಿನ್ನು ಬದಲಿಸಿ, ಮತ್ತೆ ಬಿಗಿದು, ಒದ್ದೆ ಬಟ್ಟೆಯಿಂದ ಒರೆಸಿದಳು. ಸೀಟಿನ ಕೆಳಗಿನ ಡಬ್ಬಿಯಲ್ಲಿದ್ದ ಬಿಡಿ ಪಿನ್ನುಗಳನ್ನು ಮುಟ್ಟಲಿಲ್ಲ. ಅವು ಅಸಲಿಯೇ ಇರಬೇಕು. ಆಮೇಲೆ ನೋಡುವವರಿಗೆ ಎಲ್ಲ ಸರಿಯಿತ್ತು ಅನ್ನಿಸಬೇಕು. ಹುಚ್ಚು ನೀರಿನಲ್ಲಿ ಪಿನ್ನು ಬದಲಿಸುವಷ್ಟು ವ್ಯವಧಾನ ಹೊಳೆ ಯಾರಿಗೂ ಕೊಡುವುದಿಲ್ಲ.

ಲಲಿತಾ ಬಂದು ವಿಭೂತಿ, ಕುಂಕುಮ, ಹೂವು ಏರಿಸಿದಳು. ಅಲ್ಲಿಂದ ಮುಂದೆ ಆ ಎಂಜಿನ್ನು ಯಾರದೂ ಅಲ್ಲ. ಪೂಜೆಯಾದ ಎಂಜಿನ್ನಿಗೆ ಹೊಳೆ ಮುಟ್ಟುವ ತನಕ ನಟ್ಟು ಬಿಚ್ಚುವ ಪಾನಾ ತಾಗಿಸಬಾರದು ಎನ್ನುವುದು ಕರಿಬಸಪ್ಪ ಹಾಕಿದ ಕಟ್ಟು. ಅರವತ್ತು ವರ್ಷದಲ್ಲಿ ಯಾರೂ ಮೀರಿರಲಿಲ್ಲ. ಸಂಚಿಕೆಯ ಎರಡನೆಯ ಪುಟದಲ್ಲಿ ಪಂಪಾವತಿಯೇ ಅದನ್ನು ಹೆಮ್ಮೆಯಿಂದ ಬರೆದಿದ್ದಳು.

ನಂತರದ ದಿನಗಳು ಅವಳು ಎಣಿಸಿದ ಹಾಗಿರಲಿಲ್ಲ.

ಗಂಡ ಕನಸಿಗೆ ಬಂದಾನು ಎಂದುಕೊಂಡಿದ್ದಳು. ಮೆಚ್ಚಲಿ, ಬೈಯಲಿ, ಒಂದು ಸಲ ಬರಲಿ ಎಂದು ಕಾದಳು. ಸತ್ತವನು ಬರಲಿಲ್ಲ. ಬಂದವನು ಬದುಕಿದ್ದವನು. ಹಗಲು ಹೊತ್ತಿನಲ್ಲೇ, ನಡುಮನೆಯಲ್ಲಿ. ಸಿದ್ದಲಿಂಗೇಶ ಕಾಲು ತೊಳೆದು ಒಳಗೆ ಬಂದರೆ ನೆಲದ ಮೇಲಿನ ಒದ್ದೆ ಹೆಜ್ಜೆಗಳು ಎಷ್ಟು ಹೊತ್ತಾದರೂ ಆರುತ್ತಿರಲಿಲ್ಲ ಅವಳ ಕಣ್ಣಿಗೆ. ಊಟಕ್ಕೆ ಕೂತವನ ಕೊರಳಪಟ್ಟಿಯಲ್ಲಿ ಹಸಿರು ಪಾಚಿಯ ಎಳೆ. ಕಣ್ಣುಜ್ಜಿ ನೋಡಿದರೆ ಮೆಂತೆ ಸೊಪ್ಪಿನ ಚೂರು. “ಸಾಕ, ಇನ್ನ ಹಾಕಬ್ಯಾಡ” ಎಂದು ಅವನು ಅಂಗೈ ಅಡ್ಡ ಹಿಡಿದಾಗ ಆ ಅಂಗೈ ಬೆಳ್ಳಗೆ ಸುಕ್ಕುಗಟ್ಟಿದಂತೆ ಕಂಡಿತು. ಎರಡು ದಿನ ನೀರಿನಲ್ಲಿದ್ದ ಅಂಗೈಯನ್ನು ಅವಳು ಒಮ್ಮೆ ಹಿಡಿದಿದ್ದಳು. ಅದರ ನೆನಪು ಈ ಅಂಗೈಗೆ ಬಂದು ಕೂತಿತ್ತು. ಅವನು ಕೆಮ್ಮಿದರೆ ನೀರು ಕೆಮ್ಮಿದಂತೆ ಕೇಳುತ್ತಿತ್ತು. ಅವನ ತಾಟು ತೊಳೆಯುವಾಗ, ಇದನ್ನು ಇನ್ನು ಮೇಲೆ ಯಾರು ಬಳಸುತ್ತಾರೆ ಎಂದು ಯೋಚಿಸುತ್ತ ನಿಂತುಬಿಡುತ್ತಿದ್ದಳು.

ಪಂಚಮಿಯ ದಿನ, ಮಂಗಳವಾರ, ಹಿತ್ತಲ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಸಿದ್ದಲಿಂಗೇಶ ಶೇಂಗಾ ಉಂಡಿ ಕಡಿಯುತ್ತ ತಾನೇ ಹತ್ತಿ ಕೂತ. “ಪಂಪವ್ವ, ನಿಂದ್ಯಾಕ ಮಾರಿ ಇಳದೈತಿ? ಬಾ, ಉಂಡಿ ತಿನ್ನು. ಸಂಚಿಕಿ ಬಂತಂದ್ರ ನಿನಗೊಂದು ಇಲಕಲ್ ಸೀರಿ ನಂದು” ಅಂದ. ಅವನು ಕೆಟ್ಟವನಾಗಿ ಇದ್ದುಬಿಟ್ಟಿದ್ದರೆ ಎಷ್ಟು ಸುಲಭವಿತ್ತು ಎಂದುಕೊಂಡಳು ಅವಳು. ಜೋಕಾಲಿ ಹಿಂದೆ ಹೋಗಿ ಮುಂದೆ ಬರುವಾಗ ಅವನ ಧೋತರದ ಅಂಚು ನೀರಿನಲ್ಲಿ ತೇಲುವ ಬಟ್ಟೆಯಂತೆ ಆಡುತ್ತಿತ್ತು. ಹಗ್ಗ ಕಿರ್ರೆನ್ನುತ್ತಿತ್ತು. ಅವನು ಇಳಿದ ಮೇಲೂ ಖಾಲಿ ಜೋಕಾಲಿ ಬಹಳ ಹೊತ್ತು ಆಡಿತು.

“ಶುಕ್ರವಾರ ಹೋಳಿಗಿ ಮಾಡೂಣೇನ? ಎಷ್ಟು ಮಂದಿಗೆ ನೆನಸಲಿ ಬ್ಯಾಳಿ?” ಎಂದು ಲಲಿತಾ ಅಡುಗೆಮನೆಯಿಂದ ಕೂಗಿದಳು.

ಇಬ್ಬರಿಗೆ, ಎಂದು ಬಾಯಿಗೆ ಬಂದಿತ್ತು. “ಯಾವಾಗಿನಂಗ ಮೂರು ಮಂದೀಗಕ್ಕ. ಭಾವಾರಿಗೆ ನಾಕು ಹೋಳಿಗಿ ಬೇಕಲ್ಲ” ಅಂದಳು ಪಂಪಾವತಿ. ಅವತ್ತಿನಿಂದ ನಾಲಿಗೆಗೆ ಕಾವಲು ಹಾಕಿದಳು. ಭಾವ ಬರುತ್ತಾರೆ, ಭಾವ ತರುತ್ತಾರೆ, ಭಾವ ಶನಿವಾರ ಗಂಗಾವತಿಗೆ ಹೋಗಬೇಕಂತೆ ಎಂದು, ಅವನ ಮುಂದಿನ ದಿನಗಳನ್ನು ಎಲ್ಲರೆದುರು ಎಣಿಸುತ್ತ ಓಡಾಡಿದಳು.

ಮನಸ್ಸು ಹಿಡಿತಕ್ಕೆ ಬರಲೆಂದು ಆ ಮಧ್ಯಾಹ್ನ ಸಂಚಿಕೆಯ ಉಳಿದ ಕೆಲಸಕ್ಕೆ ಕೂತಳು. ಕೆಲಸ ಅವಳನ್ನು ಎಂದೂ ಕೈಬಿಟ್ಟಿರಲಿಲ್ಲ. ಎಂಜಿನ್ನುಗಳ ಪಟ್ಟಿ ಸರಿಮಾಡಿದಳು, ಫೋಟೋಗಳನ್ನು ಹಾಳೆಗಳಿಗೆ ಅಂಟಿಸಿದಳು. ಕೆಂಪು ಗೆರೆಯ ಸಾಲನ್ನು ಮಾತ್ರ ಮುಟ್ಟಲಿಲ್ಲ. ಗಂಡನ ಹೆಸರನ್ನು ಇಂದೇ ತಿರುಗಿ ಬರೆದರೆ ನಾಳೆ ಯಾರಾದರೂ ಏಕೆಂದು ಕೇಳಬಹುದು. ಇಂಥ ಕಡೆಯಲ್ಲೇ ಜನ ಸಿಕ್ಕಿಬೀಳುವುದು. ಅದನ್ನು ಕರಡಚ್ಚಿನಲ್ಲಿ ತಿದ್ದಲು ಗುರುವಾರದ ಮೇಲೆ ಬೇಕಾದಷ್ಟು ದಿನಗಳಿದ್ದವು. ಎಲ್ಲವನ್ನೂ ಕವರಿಗೆ ಹಾಕಿ, ಗಂಗಾವತಿ ಕಡೆ ಹೊರಟಿದ್ದ ಗಿಡ್ಡಪ್ಪನ ಕೈಯಲ್ಲಿ ರೆಹಮಾನನ ಪ್ರೆಸ್ಸಿಗೆ ಕಳಿಸಿಕೊಟ್ಟಳು. ಗಿಡ್ಡಪ್ಪ ಕಾರ್ಖಾನೆಯ ಹಳೇ ದೋಣಿಗಾರ.

ಗುರುವಾರ ಹನ್ನೊಂದು ಗಂಟೆಗೆ ಅದೇ ಗಿಡ್ಡಪ್ಪ ಫೋನು ಮಾಡಿದ. ಫೋನು ಎತ್ತಿದವಳು ಪಂಪಾವತಿ.

“ಎವ್ವಾ, ಪಿನ್ನು ಹೋತಬೇ... ಮರಳಿ ಊರು ದಾಟಿ ಹೊಳಿಗೆ ಬಂದ್ವಿ, ಇಳಿಸಿದ್ವಿ, ಛಲೋ ಹೊಂಟಿತ್ತು. ಸೆಳವಿನಾಗ ಹೋಗಿ ಜೋರ ಮಾಡಿದ್ರು ನೋಡು, ಎಂಜಿನ್ ಒದರಾಕತ್ತಿತ್ತು, ದೋಣಿ ಮಾತ್ರ ಮುಂದ ಹೋಗವಲ್ದು. ಹಿಂದ ಹಿಂದ ಬಂದು ಬಂಡಿಗಲ್ಲಿಗೆ... ನಾ ಹಗ್ಗ ಒಗದೆ, ಮುಟ್ಟಲಿಲ್ಲಬೇ. ಧಣಿ ನನ್ನ ಕಡಿನ ನೋಡಾಕತ್ತಿದ್ರು.”

ಅವಳು ಕೂಗಿದಳು. ಕೂಗು ತಾನಾಗಿಯೇ ಬಂತು, ನಟಿಸಬೇಕಾಗಲಿಲ್ಲ. ಲಲಿತಾ ಹಿಟ್ಟಿನ ಕೈಯಲ್ಲೇ ಓಡಿಬಂದಳು.

ಮಿಕ್ಕದ್ದೆಲ್ಲ ಅವಳು ಬರೆದಿಟ್ಟ ಹಾಗೇ ನಡೆಯಿತು. ಸಂಜೆಯ ಹೊತ್ತಿಗೆ ಹೆಣ ಸಿಕ್ಕಿತು. ಎಂಜಿನ್ನನ್ನು ಮೇಲೆತ್ತಿದರು. ದಂಡದಲ್ಲಿ ಪಿನ್ನಿನ ನಡುತುಂಡು ಇತ್ತು, ಪಂಖದ ಒಂದು ಎಲೆ ಬಂಡೆಗೆ ಬಡಿದು ಮಡಚಿತ್ತು. ಗಿಡ್ಡಪ್ಪನೇ ಪೊಲೀಸರಿಗೆ ತಿಳಿಸಿ ಹೇಳಿದ: “ಕಲ್ಲಿಗೆ ಬಡದ್ರ ಪಿನ್ನು ಮುರೀಬೇಕ್ರಿ ಸಾಹೇಬ್ರ. ಮುರಿಯಾಕಂತನ ಹಾಕಿರ್ತಾರದನ್ನ.” ಪಿ.ಎಸ್.ಐ. ಸಣ್ಣ ವಯಸ್ಸಿನವನು, ಸೂಕ್ಷ್ಮದವನು. ಡಬ್ಬಿಯಲ್ಲಿದ್ದ ಬಿಡಿ ಪಿನ್ನುಗಳನ್ನು ಕೈಯಲ್ಲಿ ಉರುಳಿಸಿ ನೋಡಿ ಇಟ್ಟುಬಿಟ್ಟ. ಕುಡಿದಿದ್ದನೇ ಎಂದು ಬಾಯಿ ಮೂಸುವ ಮಾತನ್ನು ಈ ಸಲ ಯಾರೂ ಆಡಲಿಲ್ಲ. ತಮ್ಮನಿಗೆ ಕೊಡದ ಗೌರವವನ್ನು ಸಾವು ಅಣ್ಣನಿಗೆ ಕೊಟ್ಟಿತು ಎಂದುಕೊಂಡಳು ಪಂಪಾವತಿ.

ವಿಚಿತ್ರವೆಂದರೆ, ಸತ್ತ ಮೇಲೆ ಸಿದ್ದಲಿಂಗೇಶ ಅವಳಿಗೆ ಕಾಣಿಸಿಕೊಳ್ಳುವುದು ನಿಂತಿತು. ನೆಲದ ಹೆಜ್ಜೆಗಳು ಆರಿದವು. ನೀರಿನ ಕೆಮ್ಮು ಕೇಳಲಿಲ್ಲ. ಮನೆಯಲ್ಲಿ ತಿರುಗಾಡುತ್ತಿದ್ದದ್ದು ಈಗ ಲಲಿತಾ ಒಬ್ಬಳೇ, ಬರಿ ಹಣೆಯಲ್ಲಿ. ಬಾಗಿಲಿಗೆ ಬಂದು ನಿಲ್ಲುವಳು, ಏನು ಹುಡುಕಲು ಬಂದೆನೆಂದು ಮರೆತು ಹೋಗುವಳು. ಅವಳ ಕೈಯನ್ನು ಹಿಡಿದು ಕೂರಿಸಿ ಗಂಜಿ ಕುಡಿಸುವ ಕೆಲಸ ಪಂಪಾವತಿಯದಾಯಿತು. “ಯಂತ್ರ ತೊಳದಾಗ ನಿನಗೇನೂ ಕಾಣಲಿಲ್ಲೇನ ಪಂಪಾ? ಸಡ್ಲಾಗಿದ್ದು ಗಿಡ್ಲಾಗಿದ್ದು?” ಎಂದು ಒಮ್ಮೆ ಕೇಳಿದಳು.

“ಏನೂ ಇರಲಿಲ್ಲಕ್ಕ.”

“ನಾನೂ ಕುಂಕುಮ ಹಚ್ಚೀನಲ್ಲ ಅದಕ್ಕ,” ಅಂದಳು ಲಲಿತಾ. “ನನ್ನ ಕೈಯಾಗ ಹಚ್ಚೀನಿ.”

ಪಂಪಾವತಿ ಚಮಚೆ ತುಂಬಿ ಅವಳ ಬಾಯಿಗೆ ಹಿಡಿದಳು. ಮಗಳ ಮುಖವನ್ನು ನೆನೆಸಿಕೊಂಡಳು. ಇನ್ನು ಕೆಲವೇ ದಿನ. ಗಂಡನ ಹೆಸರು ಅಚ್ಚಾಗಿ ಬರುತ್ತದೆ.

ಒಂಬತ್ತನೆಯ ದಿನ ಪ್ರಸಾದವಾದ ಮೇಲೆ ಪಿ.ಎಸ್.ಐ. ಬಂದ. ಆಕಸ್ಮಿಕವೆಂದು ಬರೆದು ಮುಗಿಸುವ ಕಾಗದಕ್ಕೆ ಮನೆಯವರ ಸಹಿ ಬೇಕಿತ್ತು. ಪಂಪಾವತಿ ಚಹಾ ತಂದಿಟ್ಟಳು. ಅವನು ಪೆನ್ನು ತೆಗೆಯುವಾಗಲೇ ರೆಹಮಾನ ಮೆಟ್ಟಿಲು ಹತ್ತಿದ. ಬಿಳಿ ಗಡ್ಡ, ಕಂಕುಳಲ್ಲಿ ಕವರು. ಗಂಗಾವತಿಯಲ್ಲಿ ನಲವತ್ತು ವರ್ಷದಿಂದ ಅಚ್ಚಿನ ಕೆಲಸ ಮಾಡಿದವನು.

“ಇಂಥಾ ಹೊತ್ತಿನ್ಯಾಗ ಪ್ರೆಸ್ಸಿನ ಮಾತು ಎತ್ತಬಾರ್ದ್ರಿ ಬಾಯಾರ,” ಎಂದ, ಕಣ್ಣೊರೆಸಿಕೊಳ್ಳುತ್ತ. “ಆದ್ರ ಒಂದು ಮಾತು ಎದ್ಯಾಗ ಚುಚ್ಚಾಕತ್ತೈತಿ. ನಿಮ್ಮ ಹಾಳಿ ಬಂದ ದಿನ ನಾ ನಕ್ಕಿದ್ದೆ. ಅವಸರದಾಗ ಬಾಯಾರ ಎಡವಟ್ಟ ಮಾಡ್ಯಾರ ಅಂತ ನಾನ ತಿದ್ದಿ ಬ್ಯಾರೆ ಪುಟಕ್ಕ ಹಾಕಿದ್ದೆ. ಈಗ ಏನ್ ಮಾಡ್ಲಿ ಹೇಳ್ರಿ. ನೀವು ಕೊಟ್ಟಂಗನ ಇಟ್ಟುಬಿಡ್ಲೇನು?”

ಯಾವುದು ಎಂದು ಕೇಳುತ್ತ ಅವಳು ಮುಂದೆ ಬಂದಳು. ರೆಹಮಾನ ಹಾಳೆ ತೆಗೆದು ಚಹಾದ ಬಟ್ಟಲುಗಳ ನಡುವೆ, ಪಿ.ಎಸ್.ಐ.ಯ ಕಾಗದದ ಪಕ್ಕದಲ್ಲಿ ಹಾಸಿದ. ‘ನಮ್ಮನ್ನು ಅಗಲಿದವರು’ ಎಂದು ಮೇಲೆ ಅವಳದೇ ದುಂಡು ಅಕ್ಷರ. ಕೆಳಗೆ ಮೂರು ಫೋಟೋ. ಸತ್ತವರ ಫೋಟೋಕ್ಕೆ ಹೂವಿನ ಚೌಕಟ್ಟು ಹಾಕಬೇಕೆಂದು ಪ್ರೆಸ್ಸಿನವರಿಗೆ ತಿಳಿಯಲು ಸುತ್ತ ಪೆನ್ನಿನಲ್ಲಿ ಹಾರ ಬರೆಯುವುದು ವಾಡಿಕೆ. ಮೂರಕ್ಕೂ ನೀಲಿ ಪೆನ್ನಿನ ಹಾರ, ಎಸಳು ಎಸಳಾಗಿ, ಕೈ ನಡುಗದೆ. ಮೊದಲನೆಯದು ಮಾವ ಕರಿಬಸಪ್ಪ, ಎರಡನೆಯದು ಗಂಡ ಗವಿಸಿದ್ದೇಶ. ಮೂರನೆಯ ಹಾರದೊಳಗೆ ಸಿದ್ದಲಿಂಗೇಶ ನಗುತ್ತಿದ್ದ, ಅವನ ಕೆಳಗೆ ಹುಟ್ಟಿದ ಇಸವಿ, ಒಂದು ಅಡ್ಡ ಗೆರೆ, ಈ ವರ್ಷದ ಇಸವಿ. ಪಿ.ಎಸ್.ಐ. ಬಟ್ಟಲನ್ನು ಕೆಳಗಿಟ್ಟು ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡ. ಗಿರಾಕಿಗಳ ಜೊತೆ ತಡವಾಯಿತೆಂಬ ಜಗಳ ಬರಬಾರದೆಂದು ರೆಹಮಾನ ಪ್ರತಿ ಹಾಳೆಯ ಮೂಲೆಯಲ್ಲೂ ಬರೆದುಕೊಳ್ಳುತ್ತಿದ್ದ ಸಣ್ಣ ಅಕ್ಷರದ ಮೇಲೆ ಪಿ.ಎಸ್.ಐ.ಯ ಬೆರಳು ನಿಂತಿತು: ‘ಬಂದದ್ದು, ಮಂಗಳವಾರ, ಪಂಚಮಿ, ಸಂಜೆ ಐದು.’